ಮುದಿ ಇಲಿಗೆ 'ವಯಸ್ಸಾಯಿತು' ಎಂದು ಕೈಚೆಲ್ಲುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ಕಾಲೇಜು ಮುಗಿದು ಪಿ.ಜಿ. ಖಾಲಿ ಮಾಡುವಾಗ, ಬೇರೆ ಊರಿಗೆ ವರ್ಗವಾದಾಗ, ತಂದ ಮಗುವಿಗೇ ಬೇಜಾರು ಹಿಡಿದಾಗ ನಾಯಿ ಬೆಕ್ಕುಗಳ ಹಾಗೆ ಸಾಕು ಇಲಿಗಳೂ ಕೈ ಬದಲಾಗುತ್ತವೆ. ಇವುಗಳ ಆಯಸ್ಸೇ ಎರಡರಿಂದ ಮೂರು ವರ್ಷ. ಹಾಗಾಗಿ ಇನ್ನೊಬ್ಬರ ಮನೆಯಿಂದ ಬರುವ ಇಲಿಗೆ ಹೆಚ್ಚಾಗಿ ಒಂದೂವರೆ ವರ್ಷ ದಾಟಿರುತ್ತದೆ. ಬರುವಾಗಲೇ ಸೀನು, ಕಂಕುಳಲ್ಲೊಂದು ಗಂಟು, ಎಳೆದು ಹಾಕುವ ಹಿಂಗಾಲು ಜೊತೆಗಿರುತ್ತವೆ. ತಂದವರು ಒಂದು ವಾರ ನೋಡಿ 'ವಯಸ್ಸಾಯಿತು, ಇನ್ನೇನು ಮಾಡೋದು' ಎಂದುಬಿಡುತ್ತಾರೆ. ನಮ್ಮ ತಕರಾರು ಈ ಮಾತಿನ ಮೇಲೆ. ಮುದಿ ಇಲಿಯ ಎಷ್ಟೋ ಕಾಯಿಲೆ ಕೆರಳುವುದು ಮನೆಯ ಗಾಳಿ, ಪಂಜರದ ಹಾಸು, ತಟ್ಟೆಯ ತಿಂಡಿಯಿಂದ. ಉಳಿದವಕ್ಕೆ ಹೆಸರಿದೆ, ಔಷಧಿಯಿದೆ, ಆರೈಕೆಯ ಕ್ರಮವಿದೆ. ಪತ್ರಿಕೆಗಳ ಸಾಕುಪ್ರಾಣಿ ಪುಟ ನಾಯಿ, ಬೆಕ್ಕು, ಅಕ್ವೇರಿಯಂ ದಾಟಿ ಬರುವುದು ಅಪರೂಪವಾದ್ದರಿಂದ ಇಷ್ಟುದ್ದ ಬರೆಯುತ್ತಿದ್ದೇವೆ. ಜಾಗ ಸಾಲದಿದ್ದರೆ ಈ ಮುನ್ನುಡಿಗೆ ಕತ್ತರಿ ಹಾಕಿ, ಔಷಧಿಯ ಭಾಗ ಮಾತ್ರ ಉಳಿಸಿ.

ಮನೆಯ ಹಿರಿಯರು ಮೊದಲು ಎತ್ತುವುದು ಇಲಿಜ್ವರದ ಮಾತು. 1898ರ ಪ್ಲೇಗಿನ ನೆನಪಿಗೆ ಬೆಂಗಳೂರಿನಲ್ಲಿ ಇಂದಿಗೂ ಪ್ಲೇಗ್ ಮಾರಮ್ಮನ ಗುಡಿಗಳಿವೆ. ಇಲಿಯೆಂದರೆ ಹೆದರಿಕೆ ಬಂದದ್ದು ಸುಮ್ಮನೆ ಅಲ್ಲ. ಆದರೆ ಅಟ್ಟದ ಮೇಲೆ ಓಡಾಡುವುದು ರ‍್ಯಾಟಸ್ ರ‍್ಯಾಟಸ್, ಮೋರಿಯ ಹೆಗ್ಗಣದ್ದು ಬೇರೆಯೇ ಕುಲ. ಪೆಟ್ ಶಾಪಿನದು ನೂರಕ್ಕೂ ಹೆಚ್ಚು ವರ್ಷ ಪ್ರಯೋಗಾಲಯಗಳಲ್ಲಿ ಸಾಕಿ ಬಂದ ರ‍್ಯಾಟಸ್ ನಾರ್ವೆಜಿಕಸ್. ಕಾಡು ಇಲಿಯ ಮೂತ್ರದ ಸಂಪರ್ಕ ಬಂದರೆ ಇದಕ್ಕೂ ಇಲಿಜ್ವರದ ಸೋಂಕು ತಗಲುತ್ತದೆ. ಅದಕ್ಕೇ ಪಂಜರ ಬಾಲ್ಕನಿಯಲ್ಲಿ, ಹಿತ್ತಲ ಜಗಲಿಯಲ್ಲಿ ಇರಕೂಡದು. ಕಾಳಿನ ಡಬ್ಬಿಗೆ ಮುಚ್ಚಳ ಬಿಗಿಯಾಗಿರಬೇಕು. ಕೈಯಲ್ಲಿ ಗಾಯವಿದ್ದಾಗ ಗ್ಲೌಸ್ ಹಾಕಿ ಪಂಜರ ತೊಳೆಯಿರಿ. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಡಾಕ್ಟರಿಗೆ ತೋರಿಸಿ. ಮುಂದಿನ ಮೂರು ವಾರದೊಳಗೆ ಜ್ವರ, ಕೀಲುನೋವು, ಮೈಮೇಲೆ ಗುಳ್ಳೆ ಕಂಡರೆ 'ಇಲಿ ಕಚ್ಚಿತ್ತು' ಎಂದು ಬಾಯಿಬಿಟ್ಟು ಹೇಳಬೇಕು. ಇಲಿ ಕಡಿತದ ಜ್ವರ ಇಲಿಜ್ವರಕ್ಕಿಂತ ಬೇರೆ; ಅದು ಪೆನಿಸಿಲಿನ್‌ಗೆ ಬಗ್ಗುತ್ತದೆ, ಆದರೆ ಡಾಕ್ಟರಿಗೆ ಅದರ ಅನುಮಾನ ಬರಬೇಕಲ್ಲ.

ಇನ್ನು ತರುವ ದಿನ. ಹಳೆಯ ಮನೆಯವರಿಂದ ಪಂಜರಕ್ಕಿಂತ ಮುಖ್ಯವಾಗಿ ಕೇಳಿ ಪಡೆಯಬೇಕಾದದ್ದು ಒಗೆಯದ ಹಾಸುಬಟ್ಟೆ ಒಂದು, ಈವರೆಗೆ ತಿನ್ನುತ್ತಿದ್ದ ತಿಂಡಿ ಅರ್ಧ ಕಿಲೋ, ಔಷಧಿ ಚೀಟಿ ಇದ್ದರೆ ಅದು, ಮತ್ತು ಜೊತೆಯಲ್ಲಿ ಬೆಳೆದ ಇನ್ನೊಂದು ಇಲಿ ಇದೆಯೇ ಎಂಬ ಪ್ರಶ್ನೆಗೆ ಉತ್ತರ. ಜೋಡಿ ಇದ್ದರೆ ಎರಡನ್ನೂ ತನ್ನಿ, ಇಲ್ಲವೇ ಎರಡನ್ನೂ ಬಿಡಿ. ಒಟ್ಟಿಗೆ ಬಾಳಿದ ಮುದಿ ಇಲಿ ಒಂಟಿಯಾದರೆ ಊಟ ಬಿಡುವುದುಂಟು. ಮನೆಗೆ ತಂದೊಡನೆ 'ವಾಸನೆ' ಎಂದು ಸ್ನಾನ ಮಾಡಿಸುವುದು ನಾವು ಕಂಡಂತೆ ಅತಿ ಸಾಮಾನ್ಯ ತಪ್ಪು. ಹೊಸ ಜಾಗದ ಗಾಬರಿಯ ಮೇಲೆ ಒದ್ದೆ ಮೈಯ ಚಳಿ ಸೇರಿದರೆ ಎದೆಯಲ್ಲಿ ಅಡಗಿದ್ದ ಸೋಂಕು ಎದ್ದು ಕೂರುತ್ತದೆ. ಮೊದಲ ಮೂರು ದಿನ ಹಳೆಯ ಬಟ್ಟೆ, ಹಳೆಯ ತಿಂಡಿ, ಕತ್ತಲ ಮೂಲೆಯಲ್ಲೊಂದು ರಟ್ಟಿನ ಪೆಟ್ಟಿಗೆ ಸಾಕು. ಎತ್ತುವುದಾದರೆ ಎದೆಯಡಿ ಒಂದು ಕೈ, ಪೃಷ್ಠದಡಿ ಇನ್ನೊಂದು. ಬಾಲ ಹಿಡಿದು ಎತ್ತಿದರೆ ಬಾಲದ ಚರ್ಮ ಒರೆಯಂತೆ ಕಳಚಿ ಬರುತ್ತದೆ, ಮತ್ತೆ ಕೂಡುವುದಿಲ್ಲ.

ಮನೆಯಲ್ಲಿ ಮೊದಲೇ ಇಲಿಗಳಿದ್ದರೆ ಹೊಸದನ್ನು ಎರಡು ಮೂರು ವಾರ ಬೇರೆ ಕೋಣೆಯಲ್ಲಿ ಬಾಗಿಲು ಮುಚ್ಚಿ ಇಡಬೇಕು. ಒಂದೇ ಕೋಣೆಯಲ್ಲಿ ಎರಡು ಪಂಜರ ಇಟ್ಟರೆ ಬೇರೆ ಇಟ್ಟಂತಾಗಲಿಲ್ಲ, ಸೋಂಕು ಗಾಳಿಯಲ್ಲೇ ದಾಟುತ್ತದೆ. ಹಳೆಯ ಇಲಿಗಳ ಕೆಲಸ ಮೊದಲು, ಹೊಸತರದ್ದು ಆಮೇಲೆ, ನಡುವೆ ಕೈ ತೊಳೆದು ಅಂಗಿ ಬದಲಿಸುವುದು. ಆಮೇಲೂ ಸೊರಗಿದ ಮುದಿ ಗಂಡನ್ನು ಆರೇಳು ತಿಂಗಳ ಪ್ರಾಯದ ಗಂಡಿನ ಜೊತೆ ಬಿಡಬೇಡಿ. ಅದು ಸ್ನೇಹವಾಗುವುದಿಲ್ಲ, ಹೊಡೆದಾಟವಾಗುತ್ತದೆ.

ಹೊಸಬರು ಹೆದರುವ ಮೂರು ಸಂಗತಿ ಇಲ್ಲೇ ಹೇಳಿಬಿಡುತ್ತೇವೆ. ಕೆಂಪು ಕಣ್ಣಿನ ಬಿಳಿ ಇಲಿ ತಲೆಯನ್ನು ಎಡಕ್ಕೂ ಬಲಕ್ಕೂ ತೂಗುವುದು ರೋಗವಲ್ಲ. ದೃಷ್ಟಿ ಮಂದವಾದ್ದರಿಂದ ದೂರ ಅಳೆಯಲು ಹಾಗೆ ಮಾಡುತ್ತದೆ. ಹಲ್ಲು ಮಸೆಯುತ್ತಾ ಕಣ್ಣುಗುಡ್ಡೆ ಒಳಗೂ ಹೊರಗೂ ಕುಣಿಸುತ್ತಿದ್ದರೆ ಅದು ಫಿಟ್ಸ್ ಅಲ್ಲ, ಹೆಚ್ಚಾಗಿ ನೆಮ್ಮದಿ. ಬಾಚಿಹಲ್ಲು ಹಳದಿ–ಕಿತ್ತಳೆ ಇರುವುದೇ ಸರಿ. ಕಣ್ಣು ಮೂಗಿನ ಸುತ್ತ ಕಾಣುವ ಕೆಂಪು ಮಾತ್ರ ಬೇರೆ ಕಥೆ. ಅದು ರಕ್ತವಲ್ಲ, ಕಣ್ಣಿನ ಹಿಂದಿನ ಗ್ರಂಥಿ ಸ್ರವಿಸುವ ಪಾರ್ಫಿರಿನ್ ಎಂಬ ಬಣ್ಣ. ಅನುಮಾನವಿದ್ದರೆ ಒದ್ದೆ ಹತ್ತಿಯಲ್ಲಿ ಒರೆಸಿ, ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚನ್ನು ಹತ್ತಿಯ ಮೇಲೆ ಬಿಡಿ. ಪಾರ್ಫಿರಿನ್ ಗುಲಾಬಿ–ಕೆಂಪಾಗಿ ಹೊಳೆಯುತ್ತದೆ, ರಕ್ತ ಹೊಳೆಯುವುದಿಲ್ಲ. ಬೆಳಗ್ಗೆ ಎದ್ದಾಗ ತುಸು ಕಂಡರೆ ಲೆಕ್ಕಕ್ಕಿಲ್ಲ. ದಿನವಿಡೀ ಅಂಟಿಕೊಂಡಿದ್ದರೆ ಇಲಿ ಮುಖ ತೊಳೆದುಕೊಳ್ಳುವುದನ್ನು ಬಿಟ್ಟಿದೆ ಎಂದರ್ಥ, ಅಂದರೆ ಒಳಗೇನೋ ಸರಿಯಿಲ್ಲ.

ಈಗ ಎದೆಯ ವಿಷಯ. ಸಾಕು ಇಲಿಗಳಲ್ಲಿ ಬಹುತೇಕ ಎಲ್ಲವೂ ಮೈಕೊಪ್ಲಾಸ್ಮಾ ಪಲ್ಮೋನಿಸ್ ಎಂಬ ಸೂಕ್ಷ್ಮಾಣುವನ್ನು ಹೊತ್ತೇ ಬೆಳೆಯುತ್ತವೆ. ಪ್ರಾಯದಲ್ಲಿ ದೇಹ ಅದನ್ನು ಹದ್ದುಬಸ್ತಿನಲ್ಲಿಡುತ್ತದೆ. ವಯಸ್ಸು, ಜಾಗ ಬದಲಾವಣೆ, ಕೆಟ್ಟ ಗಾಳಿ ಮೂರೂ ಸೇರಿದಾಗ ಹಿಡಿತ ತಪ್ಪುತ್ತದೆ. ಹೊಸ ಮನೆಯಲ್ಲಿ ಮೊದಲ ಒಂದು ವಾರದ ಬಿಡಿ ಸೀನುಗಳಿಗೆ ಹೆದರಬೇಕಿಲ್ಲ. ಪ್ರತಿದಿನ ಇಲಿಯ ಪಕ್ಕೆಯನ್ನು ನಿಮ್ಮ ಕಿವಿಗೆ ಒತ್ತಿ ಕೇಳಿ. ಆರೋಗ್ಯವಂತ ಇಲಿಯ ಎದೆ ನಿಶ್ಶಬ್ದ. ಒಣಗಿದ ಎಲೆ ತುಳಿದಂಥ ಸದ್ದು, ಗೊರಗೊರ, ಸಣ್ಣ ಶಿಳ್ಳೆ ಕೇಳಿದರೆ ಪಶುವೈದ್ಯರಿಗೆ ಫೋನ್ ಮಾಡುವ ಸಮಯ ಬಂದಿದೆ. ಉಸಿರು ಎಣಿಸಲು ಇಲಿ ಮಲಗಿದ್ದಾಗ ಪಕ್ಕೆಯನ್ನು ಮೊಬೈಲಿನ ಸ್ಲೋ ಮೋಷನ್‌ನಲ್ಲಿ 15 ಸೆಕೆಂಡು ಚಿತ್ರಿಸಿ, ನಿಧಾನವಾಗಿ ನೋಡುತ್ತಾ ಎಣಿಸಿ ನಾಲ್ಕರಿಂದ ಗುಣಿಸಿ. ನಿಮಿಷಕ್ಕೆ 70ರಿಂದ 115 ಸಹಜ. ಬರಿಗಣ್ಣಿಗೆ ಈ ಎಣಿಕೆ ದಕ್ಕುವುದಿಲ್ಲ. ಉಸಿರಿಗೊಮ್ಮೆ ಹೊಟ್ಟೆ ಒಳಸೇದುತ್ತಿದ್ದರೆ, ಕತ್ತು ಮೇಲೆತ್ತಿ ಬಾಯಿ ತೆರೆದಿದ್ದರೆ ನಾಳೆ ಎನ್ನುವ ಹಾಗಿಲ್ಲ. ಇಲಿ ಮೂಗಿನಿಂದಲೇ ಉಸಿರಾಡುವ ಪ್ರಾಣಿ. ಬಾಯಿ ತೆರೆಯಿತೆಂದರೆ ಕೊನೆಯ ದಾರಿ ಹಿಡಿದಿದೆ.

ಔಷಧಿ ಅಂಗಡಿಯವರು ಸಾಮಾನ್ಯವಾಗಿ ಕೈಗೆತ್ತಿಕೊಡುವ ಅಮಾಕ್ಸಿಸಿಲಿನ್ ಇಲ್ಲಿ ಕೆಲಸಕ್ಕೆ ಬಾರದು. ಆ ಗುಂಪಿನ ಔಷಧಿಗಳು ಬ್ಯಾಕ್ಟೀರಿಯಾದ ಕೋಶಭಿತ್ತಿಯನ್ನು ಒಡೆಯುತ್ತವೆ, ಮೈಕೊಪ್ಲಾಸ್ಮಾಗೆ ಕೋಶಭಿತ್ತಿಯೇ ಇಲ್ಲ. ಇಲಿಗೆ ಅದರಿಂದ ವಿಷವೇನೂ ಏರದು, ಒಂದು ವಾರ ಮಾತ್ರ ಹಾಳಾಗುತ್ತದೆ. ಬಲ್ಲ ಪಶುವೈದ್ಯರು ಬರೆಯುವುದು ಹೆಚ್ಚಾಗಿ ಡಾಕ್ಸಿಸೈಕ್ಲಿನ್, ಎನ್ರೊಫ್ಲಾಕ್ಸಾಸಿನ್, ಕೆಲವೊಮ್ಮೆ ಎರಡೂ, ವಾರಗಟ್ಟಲೆ. ರೋಗ ಬೇರುಸಹಿತ ಹೋಗುವುದಿಲ್ಲ, ಅಡಗುತ್ತದೆ. ನಾಲ್ಕನೇ ದಿನ ಚುರುಕಾಯಿತೆಂದು ನಿಲ್ಲಿಸಿದರೆ ಇನ್ನಷ್ಟು ಜೋರಾಗಿ ಮರಳುತ್ತದೆ.

ಪ್ರಮಾಣದ ಲೆಕ್ಕ ಎಲ್ಲಿ ತಪ್ಪುತ್ತದೆ ನೋಡಿ. ಡಾಕ್ಟರು ಎನ್ರೊಫ್ಲಾಕ್ಸಾಸಿನ್ ಕಿಲೋಗೆ 10 ಮಿ.ಗ್ರಾಂ. ಎಂದು ಬರೆದರೆಂದುಕೊಳ್ಳಿ. ನಿಮ್ಮ ಇಲಿ 400 ಗ್ರಾಂ., ಅದಕ್ಕೆ ಬೇಕಾದದ್ದು 4 ಮಿ.ಗ್ರಾಂ. ಮಾತ್ರೆ ಬರುವುದು 50 ಮಿ.ಗ್ರಾಂ.ದು. ಹನ್ನೆರಡು ಚೂರು ಮಾಡುವುದು ಚಾಕುವಿನ ಕೆಲಸವಲ್ಲ. ಮಾತ್ರೆಯನ್ನು ಎರಡು ಚಮಚದ ನಡುವೆ ಪುಡಿ ಮಾಡಿ 5 ಮಿ.ಲೀ. ದ್ರವದಲ್ಲಿ ಕಲಸಿದರೆ ಪ್ರತಿ ಮಿ.ಲೀ.ಗೆ 10 ಮಿ.ಗ್ರಾಂ. ಆಯಿತು, 0.4 ಮಿ.ಲೀ. ನಿಮ್ಮ ಇಲಿಯ ಪಾಲು. ಯಾವ ದ್ರವ, ಎಷ್ಟು ದಿನ ಇಡಬಹುದು ಎಂಬುದನ್ನು ಬರೆದುಕೊಟ್ಟ ಡಾಕ್ಟರನ್ನೇ ಕೇಳಿ. ಪುಡಿ ತಳ ಸೇರುವುದರಿಂದ ಪ್ರತಿ ಸಲವೂ ಚೆನ್ನಾಗಿ ಕುಲುಕಬೇಕು. ಕುಲುಕದಿದ್ದರೆ ಮೊದಲ ದಿನ ಬರೀ ನೀರು, ಕೊನೆಯ ದಿನ ಮೂರು ಪಾಲು ಔಷಧಿ ಹೊಟ್ಟೆಗೆ ಹೋಗುತ್ತದೆ. ಸೂಜಿ ತೆಗೆದ 1 ಮಿ.ಲೀ. ಸಿರಿಂಜ್ ಕೊಳ್ಳಿ. ಇನ್ಸುಲಿನ್ ಸಿರಿಂಜಿನ ಮೇಲಿರುವುದು ಯೂನಿಟ್ ಗೆರೆ, ಮಿ.ಲೀ. ಗೆರೆಯಲ್ಲ. ಅಲ್ಲಿ ಎಡವಿದವರು ಬಹಳ.

ಕುಡಿಸುವ ಕ್ರಮ ಹೀಗೆ. ಪಾತ್ರೆ ಒರೆಸುವ ಬಟ್ಟೆಯಲ್ಲಿ ಕುತ್ತಿಗೆಯವರೆಗೆ ಬೀಡಾ ಕಟ್ಟಿದ ಹಾಗೆ ಸುತ್ತಿ, ತೊಡೆಯ ಮೇಲೆ ನೆಟ್ಟಗೆ ಕೂರಿಸಿ. ಅಂಗಾತ ಮಲಗಿಸಬೇಡಿ. ಬಾಚಿಹಲ್ಲು ದಾಟಿದರೆ ದವಡೆಹಲ್ಲಿನವರೆಗೆ ಖಾಲಿ ಜಾಗವಿದೆ. ಸಿರಿಂಜಿನ ತುದಿ ಬಾಯಿಯ ಪಕ್ಕದಿಂದ ಅಲ್ಲಿಗೆ ಹೋಗಬೇಕು. ನೇರ ಗಂಟಲಿಗೆ ಗುರಿಯಿಟ್ಟರೆ ಔಷಧಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದು ಸಲಕ್ಕೆ 0.1 ಮಿ.ಲೀ., ನುಂಗಿದ್ದು ಕಂಡಮೇಲೆ ಇನ್ನಷ್ಟು. ಎನ್ರೊಫ್ಲಾಕ್ಸಾಸಿನ್ ವಿಪರೀತ ಕಹಿ. ಕಿವುಚಿದ ಬಾಳೆಹಣ್ಣಿನಲ್ಲಿ ಬೆರೆಸುವುದಾದರೆ ಮೊದಲು ಬರೀ ಹಣ್ಣು ಒಂದು ತುತ್ತು, ಆಮೇಲೆ ಔಷಧಿಯದು, ಕೊನೆಗೆ ಮತ್ತೆ ಬರೀ ಹಣ್ಣು. ಮೊಸರಿನಲ್ಲಿ, ಹಾಲಿನಲ್ಲಿ, ಹಾಲುಪುಡಿಯಿರುವ ಸೆರೆಲ್ಯಾಕ್‌ನಲ್ಲಿ ಬೆರೆಸಬೇಡಿ. ಅದರ ಕ್ಯಾಲ್ಸಿಯಂ ಡಾಕ್ಸಿಸೈಕ್ಲಿನ್, ಎನ್ರೊಫ್ಲಾಕ್ಸಾಸಿನ್ ಎರಡನ್ನೂ ಕರುಳಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಕೊಟ್ಟದ್ದೂ ನಿಜ, ರಕ್ತಕ್ಕೆ ಸೇರದೆ ಹೋದದ್ದೂ ನಿಜ. ಹಿಂದೆ ಮುಂದೆ ಎರಡು ಗಂಟೆ ಬಿಟ್ಟು ಮೊಸರು ಕೊಡಿ. ಕುಡಿಯುವ ನೀರಿನ ಬಾಟಲಿಗೆ ಔಷಧಿ ಹಾಕುವುದೂ ಬೇಡ. ಕಹಿಯೆಂದು ಇಲಿ ನೀರೇ ಬಿಡುತ್ತದೆ, ಕಾಯಿಲೆ ಬಿದ್ದದ್ದಂತೂ ಮೊದಲೇ ಕಡಿಮೆ ಕುಡಿಯುತ್ತಿರುತ್ತದೆ.

ಆದರೆ ಔಷಧಿಗಿಂತ ಮೊದಲು ಕೋಣೆಯ ಗಾಳಿ. ಸೊಳ್ಳೆ ಬತ್ತಿ, ಪ್ಲಗ್‌ಗೆ ಹಾಕುವ ಸೊಳ್ಳೆ ಲಿಕ್ವಿಡ್, ಊದುಬತ್ತಿ, ಸಾಂಬ್ರಾಣಿ ಹೊಗೆ, ಕರ್ಪೂರ, ನುಸಿಗುಳಿಗೆ, ನೆಲ ಒರೆಸುವ ಫಿನಾಯಿಲ್, ಒಗ್ಗರಣೆಯ ಘಾಟು ಯಾವುದೂ ಪಂಜರವಿರುವ ಕೋಣೆಗೆ ಬರಬಾರದು. ದೇವರಮನೆಗೆ ಅಂಟಿದ ಕೋಣೆಯಲ್ಲಿ ಪಂಜರ ಇಟ್ಟು 'ಔಷಧಿ ಹಿಡೀತಾ ಇಲ್ಲ' ಎಂದರೆ ಹಿಡಿಯುವುದಾದರೂ ಹೇಗೆ? ಗಣಪನ ವಾಹನಕ್ಕೆ ಧೂಪ ಬೇಡವೆಂದರೆ ಅಜ್ಜಿಯಂದಿರು ಮುನಿಸಿಕೊಳ್ಳಬಹುದು, ಮುನಿಸಿಕೊಳ್ಳಲಿ. ಮಕ್ಕಳಿಗೆ ಹಚ್ಚುವ ವಿಕ್ಸ್, ನೀಲಗಿರಿ ಎಣ್ಣೆ, ಬಿಸಿನೀರಿನ ಆವಿ ಕೂಡ ಇಲಿಗೆ ಬೇಡ. ಕಫ ಸಡಿಲಿಸಲು 0.9 ಶೇಕಡಾ ಸಲೈನ್ ಹಾಕಿದ ನೆಬ್ಯುಲೈಜರ್ ಸಾಕು. ಮುಚ್ಚಳಕ್ಕೆ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಲಿಯನ್ನು ಕೂರಿಸಿ, 10–15 ನಿಮಿಷ, ಕಣ್ಣೆದುರಿನಲ್ಲೇ.

ಒಳಗಿನ ಗಾಳಿ ಕೆಡಿಸುವುದು ಮೂತ್ರದಿಂದ ಏಳುವ ಅಮೋನಿಯಾ. ನಿಂತು ಮೂಸಿದರೆ ನಿಮಗೆ ಗೊತ್ತಾಗುವುದಿಲ್ಲ. ನೆಲಕ್ಕೆ ಬಾಗಿ, ಇಲಿ ಮಲಗುವ ಮಟ್ಟಕ್ಕೆ ಮೂಗು ತನ್ನಿ; ಕಣ್ಣು ಚುರುಗುಟ್ಟಿದರೆ ಇಲಿಯ ಗಂಟಲು ಎಂದೋ ಸುಟ್ಟಿದೆ. ಹಳೆಯ ಅಕ್ವೇರಿಯಂ ತೊಟ್ಟಿಯಲ್ಲಿ ಸಾಕುವುದು ಇದಕ್ಕೇ ತಪ್ಪು, ಗಾಳಿಯಾಡುವುದಿಲ್ಲ. ಮೂತ್ರ ಮಾಡುವ ಮೂಲೆಯ ಹಾಸು ದಿನಾ ಬದಲಿಸಿ, ಇಡೀ ಪಂಜರ ವಾರಕ್ಕೊಮ್ಮೆ ತೊಳೆಯಿರಿ. ದಿನಾ ಎಲ್ಲವನ್ನೂ ತೊಳೆದರೆ ತನ್ನ ವಾಸನೆ ಹೋಯಿತೆಂದು ಇಲಿ ಇನ್ನಷ್ಟು ಕಡೆ ಮೂತ್ರದ ಗುರುತು ಹಾಕುತ್ತದೆ, ನಿಮ್ಮ ಶ್ರಮ ಉಲ್ಟಾ ಹೊಡೆಯುತ್ತದೆ. ಸಾಮಿಲ್ಲಿನ ಮರದ ಹೊಟ್ಟು, ಭತ್ತದ ಹೊಟ್ಟು, ತೆಂಗಿನ ನಾರಿನ ಪುಡಿ ಅಗ್ಗ, ಆದರೆ ಅವುಗಳ ಧೂಳು ಎದೆಗಿಳಿಯುತ್ತದೆ. ಪೈನ್, ದೇವದಾರು ಜಾತಿಯ ಮರದ ತುರಿಯಂತೂ ತನ್ನ ಎಣ್ಣೆಯಿಂದಲೇ ಉಸಿರಿನ ದಾರಿಯನ್ನು ಕೆರಳಿಸುತ್ತದೆ. ಹಳೆಯ ಹತ್ತಿ ಬಟ್ಟೆ, ಚೂರು ಮಾಡಿದ ಬಿಳಿ ಕಾಗದ ಒಳ್ಳೆಯದು. ತಳಕ್ಕೆ ನಿಮ್ಮ ಪತ್ರಿಕೆಯ ಹಳೆಯ ಸಂಚಿಕೆಯೂ ಆದೀತು. ಬಿಳಿ ಇಲಿ ಮಾತ್ರ ಸಂಜೆಯೊಳಗೆ ಸುದ್ದಿಯ ಬಣ್ಣಕ್ಕೆ ತಿರುಗುತ್ತದೆ.

ಸೆಕೆಯ ಬಗ್ಗೆ ರಾಯಚೂರು, ಕಲಬುರಗಿ, ಬಳ್ಳಾರಿಯ ಓದುಗರು ಗಮನಿಸಿ. ಇಲಿ ನಮ್ಮಂತೆ ಬೆವರುವುದಿಲ್ಲ, ನಾಯಿಯಂತೆ ತೇಕಿ ತಣಿಯುವುದಿಲ್ಲ. ಬಹುಮಟ್ಟಿಗೆ ಬಾಲದ ಮೂಲಕವೇ ಶಾಖ ಕಳೆಯುತ್ತದೆ. ಕೋಣೆ 30 ಡಿಗ್ರಿ ದಾಟಿದರೆ ಮುದಿ, ದಪ್ಪ, ಎದೆ ಕೆಟ್ಟ ಇಲಿಗೆ ಅಪಾಯ. ಮಣ್ಣಿನ ಕುಡಿಕೆಯನ್ನು ಅಡ್ಡ ಮಲಗಿಸಿ ಹೊರಮೈಗೆ ಒದ್ದೆ ಬಟ್ಟೆ ಸುತ್ತಿಟ್ಟರೆ ಇಲಿ ತಾನೇ ಹೋಗಿ ಒಳಗೆ ಮಲಗುತ್ತದೆ. ಮೈ ಸಡಿಲ ಬಿಟ್ಟು ಜೊಲ್ಲು ಸುರಿಸುತ್ತಿದ್ದರೆ ಬಾಲ, ಪಾದಗಳನ್ನು ನಲ್ಲಿಯ ತಣ್ಣೀರಿನಿಂದ ಒದ್ದೆ ಮಾಡಿ ಆಸ್ಪತ್ರೆಗೆ ಹೊರಡಿ. ಐಸ್ ನೀರಿನಲ್ಲಿ ಅದ್ದಿದರೆ ಬಾಲದ ರಕ್ತನಾಳ ಕುಗ್ಗಿ ಶಾಖ ಒಳಗೇ ಉಳಿಯುತ್ತದೆ.

ಹೆಣ್ಣಿಲಿಯ ಗಂಟು. ಇಲಿಯ ಸ್ತನದ ಅಂಗಾಂಶ ಕುತ್ತಿಗೆಯಿಂದ ತೊಡೆಸಂದಿಯವರೆಗೆ ಹಬ್ಬಿರುವುದರಿಂದ ಗಂಟು ಬೆನ್ನ ಹತ್ತಿರ ಕಂಡರೂ ಅದು ಸ್ತನದ್ದೇ ಇರಬಹುದು. ಹೆಚ್ಚಿನವು ಫೈಬ್ರೊಅಡೆನೋಮಾ, ಬೇರೆ ಅಂಗಕ್ಕೆ ಹರಡುವ ಜಾತಿಯಲ್ಲ, ಆದರೆ ಬೆಳೆಯುವ ವೇಗ ಭಯಂಕರ. ಎರಡು ಮೂರು ದಿನದಲ್ಲಿ ಎದ್ದು, ಮುಟ್ಟಿದರೆ ಬಿಸಿಯಾಗಿ ನೋಯುವುದು ಕೀವುಗಂಟು. ವಾರಗಳಲ್ಲಿ ಬೆಳೆದು ಚರ್ಮದಡಿ ಜಾರಾಡುವುದು ಗೆಡ್ಡೆ. ವಾರಕ್ಕೊಮ್ಮೆ ಅದರ ಗಾತ್ರ ಬರೆದಿಡಿ: ಕಡಲೆಕಾಳು, ನೆಲ್ಲಿಕಾಯಿ, ನಿಂಬೆಹಣ್ಣು. ತೆಗೆಸುವ ಮನಸ್ಸಿದ್ದರೆ ನೆಲ್ಲಿಕಾಯಿ ಆಗುವ ಮೊದಲೇ ತೆಗೆಸಿ. ನಿಂಬೆಯಷ್ಟಾದಾಗ ಅದಕ್ಕೆ ರಕ್ತ ಹರಿಸುವ ನಾಳವೂ ದಪ್ಪಗಾಗಿರುತ್ತದೆ. ಮುನ್ನೂರು ಗ್ರಾಮಿನ ಜೀವದಲ್ಲಿ ರಕ್ತವಿರುವುದೇ ಇಪ್ಪತ್ತು ಮಿ.ಲೀ. ಆಸುಪಾಸು, ಒಂದು ಚಮಚ ಹೋದರೂ ದೊಡ್ಡ ನಷ್ಟ. ಅರಿವಳಿಕೆಗೆ ಐಸೊಫ್ಲುರೇನ್ ಅನಿಲ ಇದೆಯೇ ಎಂದು ಮೊದಲೇ ಕೇಳಿ. ನಾಯಿಗೆ ಹೇಳುವಂತೆ 'ರಾತ್ರಿಯಿಂದ ಊಟ ಬೇಡ' ಎಂದರೆ ಇನ್ನೊಮ್ಮೆ ವಿಚಾರಿಸಿ. ಇಲಿಗೆ ವಾಂತಿ ಮಾಡಲು ಬಾರದು, ಹಾಗಾಗಿ ಉಪವಾಸದ ಅಗತ್ಯವಿಲ್ಲ. ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ ಕುಸಿಯುತ್ತದೆ. ಎದೆಯಲ್ಲಿ ಗೊರಗೊರ ಇದ್ದರೆ ಮೊದಲು ಅದನ್ನು ಹತೋಟಿಗೆ ತಂದು ಆಮೇಲೆ ಶಸ್ತ್ರಚಿಕಿತ್ಸೆ.

ತಲೆ ಓರೆಯಾದರೆ ಎರಡು ದಾರಿ ಯೋಚಿಸಬೇಕು. ಒಳಕಿವಿಯ ಸೋಂಕಿನಲ್ಲಿ ತಲೆ ವಾಲುತ್ತದೆ, ಇಲಿ ಒಂದೇ ಕಡೆ ಸುತ್ತುತ್ತದೆ, ಆದರೆ ತಿಂಡಿ ಕೊಟ್ಟರೆ ಎರಡೂ ಮುಂಗೈಯಲ್ಲಿ ಹಿಡಿದು ತಿನ್ನುತ್ತದೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಗೆಡ್ಡೆಯಲ್ಲಿ ಮುಂಗೈ ಹಿಡಿತವೇ ಹೋಗುತ್ತದೆ: ಕಡಲೆಬೀಜ ಜಾರಿ ಬೀಳುತ್ತದೆ, ಮುಂಗಾಲು ನೆಟ್ಟಗೆ ಚಾಚಿಕೊಳ್ಳುತ್ತದೆ, ಮೂಲೆಗೆ ಹಣೆ ಒತ್ತಿ ನಿಲ್ಲುತ್ತದೆ. ಒಂದು ಕಡಲೆಬೀಜ ಕೊಟ್ಟು ನೋಡುವ ಈ ಪರೀಕ್ಷೆಯನ್ನು ಮೊಬೈಲಿನಲ್ಲಿ ಚಿತ್ರಿಸಿ ಡಾಕ್ಟರಿಗೆ ತೋರಿಸಿ, ಏಕೆಂದರೆ ಆಸ್ಪತ್ರೆಯ ಮೇಜಿನ ಮೇಲೆ ಹೆದರಿದ ಇಲಿ ಏನನ್ನೂ ಮುಟ್ಟುವುದಿಲ್ಲ. ಕಿವಿಯದಾದರೆ ದೀರ್ಘ ಆ್ಯಂಟಿಬಯೋಟಿಕ್; ತಲೆ ತುಸು ಓರೆಯಾಗಿಯೇ ಉಳಿದರೂ ಇಲಿ ಅದಕ್ಕೆ ಹೊಂದಿಕೊಳ್ಳುತ್ತದೆ. ಗೆಡ್ಡೆಯಾದರೆ ಗುಣವಿಲ್ಲ. ಮನುಷ್ಯರಿಗೆ ಬರೆಯುವ ಕ್ಯಾಬರ್ಗೊಲಿನ್‌ನಿಂದ ಕೆಲವು ಇಲಿಗಳಿಗೆ ವಾರಗಳು, ಕೆಲವಕ್ಕೆ ತಿಂಗಳುಗಳು ಸಿಗುತ್ತವೆ.

ಗಂಡಿಲಿಗೆ ಎರಡು ವರ್ಷದ ಸುಮಾರಿಗೆ ಹಿಂಗಾಲು ಸೋಲುವುದು ಹೆಚ್ಚು. ಬೆನ್ನುಹುರಿಯ ನರಗಳು ನಿಧಾನವಾಗಿ ಸವೆಯುತ್ತವೆ. ಪಾದವನ್ನು ಮಡಚಿ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಟ್ಟು ನೋಡಿ. ಸರಿಯಿರುವ ಇಲಿ ತಕ್ಷಣ ತಿರುಗಿಸಿಕೊಳ್ಳುತ್ತದೆ, ನರ ಸೋತದ್ದು ಹಾಗೇ ಬಿಡುತ್ತದೆ. ಒಂದೇ ರಾತ್ರಿಯಲ್ಲಿ ಎರಡೂ ಕಾಲು ಬಿದ್ದರೆ ಅದು ಬೇರೆ, ಅಂದೇ ತೋರಿಸಬೇಕು. ನಿಧಾನದ ಸೋಲಿಗೆ ಪಂಜರವೇ ಮದ್ದು. ಮಹಡಿ, ಏಣಿ ತೆಗೆದು ಒಂದೇ ಮಟ್ಟ ಮಾಡಿ. ಜೋಲಿ ಕಟ್ಟುವುದಾದರೆ ನೆಲದಿಂದ ನಾಲ್ಕು ಬೆರಳು. ಮೂತ್ರದ ತಟ್ಟೆಯ ಒಂದು ಬದಿಯನ್ನು ಎರಡು ಸೆಂ.ಮೀ.ಗೆ ಕತ್ತರಿಸಿ ಅಂಚನ್ನು ಟೇಪಿನಿಂದ ಮುಚ್ಚಿ. ತಂತಿ ನೆಲದ ಮೇಲೆ ದಪ್ಪ ಟವೆಲ್ ಹಾಸದಿದ್ದರೆ ಅಂಗಾಲು ಕೆಂಪಾಗಿ, ಗಂಟಾಗಿ, ಒಡೆದು ಕೀವು ತುಂಬುತ್ತದೆ, ವಾಸಿಯಾಗಲು ತಿಂಗಳುಗಟ್ಟಲೆ ಬೇಕು. ಸಿಪ್ಪರ್ ಬಾಟಲಿಗೆ ಕತ್ತು ಎತ್ತಲಾಗದಿದ್ದರೆ ಮಗುಚದಂಥ ತೂಕದ ಬಟ್ಟಲಲ್ಲೂ ನೀರಿಡಿ. ಸೊಂಟ ತಿರುಗದ ಇಲಿಗೆ ಹಿಂಭಾಗ ನೆಕ್ಕಿಕೊಳ್ಳಲಾಗದು. ದಿನಕ್ಕೆರಡು ಸಲ ಉಗುರುಬೆಚ್ಚಗಿನ ನೀರಿನಲ್ಲಿ ಒರೆಸಿ, ಒಣಗಿಸಿ, ಕೊಬ್ಬರಿ ಎಣ್ಣೆ ಒಂದು ಹನಿ ಸವರಿ. ಕ್ರೀಮುಗಳು ಬೇಡ, ಹಚ್ಚಿದ್ದೆಲ್ಲ ಹೊಟ್ಟೆಗೇ ಹೋಗುತ್ತದೆ. ನೋವಿಗೆ ಡಾಕ್ಟರು ಮೆಲಾಕ್ಸಿಕ್ಯಾಮ್ ಕೊಡಬಹುದು, ಆದರೆ ಮನುಷ್ಯರ 15 ಮಿ.ಗ್ರಾಂ. ಮಾತ್ರೆಯ ತುಣುಕು ಅಂದಾಜಿಗೆ ಮುರಿದು ಹಾಕುವುದೆಂದರೆ ಮೂತ್ರಪಿಂಡದ ಮೇಲೆ ಕಲ್ಲು ಹೇರಿದಂತೆ.

ಮುದಿ ಗಂಡಿಲಿಗಳ ಮೂತ್ರಪಿಂಡ ಮೊದಲೇ ಬಳಲಿರುತ್ತದೆ. ನೀರು ಹೆಚ್ಚು ಕುಡಿದು, ಮೈ ಇಳಿಯುತ್ತಿದ್ದರೆ ಅದೇ ಸುಳಿವು. ದಿನಕ್ಕೆ 100 ಗ್ರಾಂ. ತೂಕಕ್ಕೆ ಸುಮಾರು 10 ಮಿ.ಲೀ. ನೀರು ಸಹಜ. 'ಶಕ್ತಿ ಬರಲಿ' ಎಂದು ಮೊಟ್ಟೆ, ಶೇಂಗಾ, ಪನೀರ್ ತುಂಬುವುದು ಇಲ್ಲಿ ಉಪಕಾರವಲ್ಲ. ಒಣ ತಿಂಡಿ ದಿನಕ್ಕೆ 15–20 ಗ್ರಾಂ. ಸಾಕು: ಜೋಳ, ಗೋಧಿ ನುಚ್ಚು, ನವಣೆ, ಸ್ವಲ್ಪ ಬೇಯಿಸಿದ ಹೆಸರುಬೇಳೆ. ಜೊತೆಗೆ ಸೌತೆ, ಸೀಮೆಬದನೆ, ಕುಂಬಳ. ಉಪ್ಪು, ಒಗ್ಗರಣೆ ಬೇಡ. ಹಸಿ ಅವರೆ, ಹಸಿ ರಾಜ್ಮಾ ಬೇಡ, ಬೆಂದರೆ ಅಡ್ಡಿಯಿಲ್ಲ. ಕಿತ್ತಳೆ ಸಿಪ್ಪೆಯ ಎಣ್ಣೆ ಗಂಡಿಲಿಯ ಮೂತ್ರಪಿಂಡಕ್ಕೇ ವಿಶೇಷವಾಗಿ ಕೆಟ್ಟದ್ದು. ರಾಗಿ ಒಳ್ಳೆಯದು, ಮುದ್ದೆ ಅಲ್ಲ. ಮುದ್ದೆ ಗಂಟಲಿಗೆ ಅಂಟಿಕೊಂಡರೆ ವಾಂತಿ ಮಾಡಲು ಬಾರದ ಪ್ರಾಣಿಗೆ ಹೊರಹಾಕುವ ದಾರಿಯೇ ಇಲ್ಲ. ಹಲ್ಲು, ದವಡೆ ಸೋತ ಇಲಿಗೆ ರಾಗಿ ಸರಿಯನ್ನು ನೀರಿನಲ್ಲೇ ತೆಳ್ಳಗೆ ಕಾಯಿಸಿ, ಚಮಚದಿಂದ ಧಾರೆಯಾಗಿ ಇಳಿಯುವ ಹದದಲ್ಲಿ ಕೊಡಿ. ಗಿನಿಪಿಗ್ ಸಾಕುವವರ ಸಲಹೆ ಕೇಳಿ ವಿಟಮಿನ್ ಸಿ ಹನಿ ಹಾಕುವುದು ದಂಡ. ಇಲಿಯ ದೇಹವೇ ಅದನ್ನು ತಯಾರಿಸಿಕೊಳ್ಳುತ್ತದೆ.

ಇದೆಲ್ಲದಕ್ಕೂ ಬೇಕಾದ ಉಪಕರಣ ಒಂದೇ, ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ. ಡಬ್ಬಿಯನ್ನು ಇಟ್ಟು ಸೊನ್ನೆ ಮಾಡಿ, ಇಲಿಯನ್ನು ಕೂರಿಸಿ, ವಾರಕ್ಕೆರಡು ಸಲ, ಅದೇ ಹೊತ್ತಿಗೆ, ತಿಂಡಿಗೆ ಮೊದಲು. ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. 400 ಗ್ರಾಂ. ಇದ್ದದ್ದು ವಾರದಲ್ಲಿ 360ಕ್ಕೆ ಬಂದರೆ ಬೇರೆ ಲಕ್ಷಣಕ್ಕೆ ಕಾಯಬೇಡಿ. ಬೇಟೆಗೆ ಸಿಗುವ ಪ್ರಾಣಿಗಳು ಕಾಯಿಲೆಯನ್ನು ಮುಚ್ಚಿಡುತ್ತವೆ, ತಕ್ಕಡಿಯಿಂದ ಮುಚ್ಚಿಡಲಾಗುವುದಿಲ್ಲ. ಹೊರಗೆ ಆಡಲು ಬಿಡುವ ಮುನ್ನ ಫ್ರಿಜ್ ಹಿಂದೆ, ಕಪಾಟಿನಡಿ ಹಳೆಯ ಇಲಿಪಾಷಾಣದ ಕೇಕ್ ಇದೆಯೇ ಎಂದು ಹುಡುಕಿ. ಬ್ರೊಮಾಡಿಯೊಲೋನ್ ಎಂಬ ಇಲಿಪಾಷಾಣ ತಿಂದ ಇಲಿ ಎರಡು ಮೂರು ದಿನ ಚೆನ್ನಾಗಿಯೇ ಇದ್ದು ಆಮೇಲೆ ಒಳಗೊಳಗೇ ರಕ್ತಸ್ರಾವವಾಗಿ ಬೀಳುತ್ತದೆ. ಕಚ್ಚಿದ ಗುರುತು ಕಂಡ ದಿನವೇ ಹೋದರೆ ವಿಟಮಿನ್ ಕೆ1 ಇದೆ.

ಪಶುವೈದ್ಯರಲ್ಲಿ ನಮ್ಮದೊಂದು ವಿನಂತಿ. ಹಸು ಎಮ್ಮೆಗಳ ನಡುವೆ ಒಂದು ಇಲಿ ತಂದವರನ್ನು ಕಂಪೌಂಡರ್ ನಗುತ್ತಾ ಹಿಂದಕ್ಕೆ ಕಳಿಸುವುದು ಎಷ್ಟೋ ಊರುಗಳಲ್ಲಿ ನಡೆದೇ ಇದೆ. ಬೆಂಗಳೂರಿನಲ್ಲಿ ಸಣ್ಣ ಪ್ರಾಣಿ, ಪಕ್ಷಿಗಳನ್ನೇ ನೋಡುವ ಖಾಸಗಿ ಕ್ಲಿನಿಕ್‌ಗಳಿವೆ, ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಜಿಲ್ಲೆಗಳವರು ಇಲಿಯನ್ನು ತಂದ ವಾರವೇ, ಕಾಯಿಲೆ ಬರುವ ಮೊದಲೇ, ಇಲಿ ನೋಡುವವರು ಯಾರೆಂದು ಫೋನ್ ಮಾಡಿ ವಿಚಾರಿಸಿಟ್ಟುಕೊಳ್ಳಬೇಕು. ಇಲಿ ಪ್ರಯೋಗಾಲಯದ ಪ್ರಾಣಿಯಾದ್ದರಿಂದ ಅದರ ಔಷಧಿ ಪ್ರಮಾಣಗಳೆಲ್ಲ ಪುಸ್ತಕಗಳಲ್ಲಿವೆ, ಪುಟ ತಿರುಗಿಸುವ ಮನಸ್ಸಿದ್ದರೆ ಸಾಕು.

ಮತ್ತೆ ಬೇಡಿಕೊಳ್ಳುವುದು: ಸಾಕಲಾಗದ ಮುದಿ ಇಲಿಯನ್ನು ಕೆರೆಯಂಗಳಕ್ಕೆ, ಗದ್ದೆಗೆ ಬಿಡಬೇಡಿ. ಬಿಳಿ ಮೈ ಕಾಗೆಗೂ ಹದ್ದಿಗೂ ದೂರದಿಂದಲೇ ಕಾಣುತ್ತದೆ. ನೀರು ತಿಂಡಿ ಎರಡೂ ಬಿಟ್ಟು, ಉಸಿರಿಗೆ ಎಳೆದಾಡುತ್ತಿದ್ದರೆ ಅರಿವಳಿಕೆ ಕೊಟ್ಟು ನೋವಿಲ್ಲದೆ ಕಳಿಸಿಕೊಡಲು ಪಶುವೈದ್ಯರನ್ನು ಕೇಳಿ. ಹೋದ ಮೇಲೆ ಒಡಲನ್ನು ಜೊತೆಯ ಇಲಿಯ ಬಳಿ ಅರ್ಧ ಗಂಟೆ ಇಡಿ. ಮೂಸಿ, ಕೂದಲು ನೇವರಿಸಿ, ತಾನೇ ದೂರ ಸರಿಯುತ್ತದೆ. ಇಡದಿದ್ದರೆ ದಿನಗಟ್ಟಲೆ ಹುಡುಕುವುದುಂಟು. ನಾಯಿ ಕೆದಕದಂತೆ ಎರಡಡಿ ಆಳದಲ್ಲಿ ಹೂಳಿ. ಉಳಿದ ಇಲಿಯನ್ನು ಮುಂದಿನ ಹತ್ತು ದಿನ ದಿನಾ ತೂಗಿ.

ಇಂತಿ,
ಇಲಿ ಸಾಕುವ ಕೆಲವು ಓದುಗರು
ಬೆಂಗಳೂರು